ಐಎಸ್‌ಒ ಕನ್ಸಲ್ಟಿಂಗ್, ಆಡಿಟಿಂಗ್‌ಗೆ ನಮ್ಮ ಕಡೆ ಇನ್ನೂ ಬೆಲೆ ಇದೆಯಾ? ದಾವಣಗೆರೆ–ಚಿತ್ರದುರ್ಗದವರು ಹೇಳಿ

ಗೇಜ್‌ರೂಮ್_ಹರಿಹರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ, ಹರಿಹರ, ಚಿತ್ರದುರ್ಗ ಕಡೆಯ ಸಣ್ಣ ಕೈಗಾರಿಕೆಗಳಿಗೆ ಐಎಸ್‌ಒ 9001 (ಗುಣಮಟ್ಟ ನಿರ್ವಹಣೆಯ ಅಂತಾರಾಷ್ಟ್ರೀಯ ಮಾನದಂಡ) ಕನ್ಸಲ್ಟಿಂಗ್ ಮಾಡುವವಳು. ಮೊದಲು ಹರಿಹರದ ಒಂದು ಮಷಿನ್ ಶಾಪ್‌ನಲ್ಲಿ ಇನ್ಸ್‌ಪೆಕ್ಷನ್ ನೋಡಿಕೊಳ್ಳುತ್ತಿದ್ದೆ. 2006ರಿಂದ ಸ್ವಂತ ಕೆಲಸ. ಜೊತೆಗೆ ಒಂದು ಸರ್ಟಿಫಿಕೇಷನ್ ಬಾಡಿಯ (ಪ್ರಮಾಣಪತ್ರ ಕೊಡುವ ಸಂಸ್ಥೆಯ) ಆಡಿಟರ್ ಆಗಿ ಹೋಗುತ್ತೇನೆ. ಅದು ನಾನು ಕನ್ಸಲ್ಟಿಂಗ್ ಮಾಡದ ಕಂಪನಿಗಳಿಗೆ ಮಾತ್ರ.

ವಿಷಯಕ್ಕೆ ಬರುತ್ತೇನೆ. ದಾವಣಗೆರೆಯ ಕರೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಫ್ಯಾಬ್ರಿಕೇಷನ್ ಯೂನಿಟ್, ಸುಮಾರು 40 ಜನ. ಮಾಲೀಕರು ಕರೆದು ಕೊಟೇಶನ್ ಕೇಳಿದರು. ಐದು ತಿಂಗಳ ಕೆಲಸಕ್ಕೆ ₹60,000 ಅಂದೆ, ಸರ್ಟಿಫಿಕೇಷನ್ ಬಾಡಿಯ ಫೀ ಬೇರೆ. ಅವರು ಫೋನ್ ತೆಗೆದು ಒಂದು ವಾಟ್ಸಾಪ್ ಮೆಸೇಜ್ ತೋರಿಸಿದರು. ‘ಐಎಸ್‌ಒ 9001, ಮೂರು ದಿನದಲ್ಲಿ, ₹4,000. ಯಾರೂ ಬರುವುದಿಲ್ಲ. ಜಿಎಸ್‌ಟಿ ನಂಬರ್ ಮತ್ತು ವಿಳಾಸ ಕಳಿಸಿದರೆ ಸಾಕು.’ ಆಮೇಲೆ ಅವರು ಹೇಳಿದ್ದು ಇಷ್ಟೇ: ‘ಮೇಡಂ, ಟೆಂಡರ್‌ನಲ್ಲಿ ಕೇಳಿರೋದು ಒಂದು ಕಾಪಿ ಅಷ್ಟೇ. ನಾನೇನು ಮಾಡ್ಲಿ?’

ಅವರು ಕೆಟ್ಟವರಲ್ಲ. ಕೆಲಸಗಾರರಿಗೆ ಹೊತ್ತಿಗೆ ಸರಿಯಾಗಿ ಸಂಬಳ ಕೊಡುವ ಮನುಷ್ಯ. ವೆಲ್ಡಿಂಗ್ ಕೂಡ ಚೆನ್ನಾಗಿಯೇ ಇದೆ. ಆದರೆ ಅವರಿಗೆ ಉತ್ತರ ಕೊಡಲು ನನ್ನ ಹತ್ತಿರ ಮಾತಿರಲಿಲ್ಲ. ಯಾಕೆಂದರೆ ಆ ₹4,000ದ ಹಾಳೆಯನ್ನೂ ನಾನು ಐದು ತಿಂಗಳು ದುಡಿದು ಕೊಡಿಸುವ ಹಾಳೆಯನ್ನೂ ಟೆಂಡರ್ ತೆರೆಯುವ ಟೇಬಲ್ ಮೇಲೆ ಒಂದೇ ಥರ ನೋಡುತ್ತಾರೆ.

ದುಡ್ಡಿಗಿಂತ ಜಾಸ್ತಿ ಬೇಜಾರಾಗುವುದು ಕೆಲಸದ ಮಟ್ಟ ನೋಡಿ. ಚಳ್ಳಕೆರೆಯ ಒಂದು ಎಣ್ಣೆ ಗಿರಣಿಗೆ ಆಡಿಟ್‌ಗೆ ಹೋಗಿದ್ದೆ. 2024ರ ಫೆಬ್ರವರಿಯಲ್ಲಿ ಐಎಸ್‌ಒ 9001ಕ್ಕೆ ಒಂದು ತಿದ್ದುಪಡಿ ಬಂತು. ಹವಾಮಾನ ಬದಲಾವಣೆ ನಿಮ್ಮ ಸಂಸ್ಥೆಗೆ ಸಂಬಂಧಪಟ್ಟ ವಿಷಯವೇ ಅಂತ ನೀವೇ ಯೋಚಿಸಿ ತೀರ್ಮಾನಿಸಬೇಕು, ಸ್ಟ್ಯಾಂಡರ್ಡ್‌ನ 4.1ನೇ ಕಲಮಿನಲ್ಲಿ ಸೇರಿಸಿದ ಮಾತು ಅದು. ಗಿರಣಿಯ ಫೈಲ್‌ನಲ್ಲಿ ಅವರ ಕನ್ಸಲ್ಟೆಂಟ್ ಒಂದೇ ಸಾಲು ಬರೆದಿದ್ದ: ‘ಹವಾಮಾನ ಬದಲಾವಣೆ ನಮ್ಮ ವ್ಯವಹಾರಕ್ಕೆ ಸಂಬಂಧಿಸಿಲ್ಲ.’ ಅದು ಚಳ್ಳಕೆರೆ! ಶೇಂಗಾ ಅಲ್ಲಿ ಮಳೆ ನಂಬಿ ಬೆಳೆಯುವ ಬೆಳೆ. 2023ರ ಬರದಲ್ಲಿ ಶೇಂಗಾ ಹುಡುಕಿಕೊಂಡು ಎಲ್ಲೆಲ್ಲಿಗೆ ಲಾರಿ ಕಳಿಸಿದೆವು ಅಂತ ಗಿರಣಿಯ ಮಾಲೀಕರೇ ಅರ್ಧ ಗಂಟೆ ಹೇಳಿದರು. ಯಾವ ಕಾಳಿನಲ್ಲಿ ಎಣ್ಣೆ ಎಷ್ಟು ಕಡಿಮೆ ಬಂತು ಅನ್ನುವುದೂ ಅವರ ಬಾಯಲ್ಲೇ ಇತ್ತು. ಅದನ್ನೆಲ್ಲ ಕೇಳಿ ಬರೆದುಕೊಂಡಿದ್ದರೆ ಅದೇ ಒಳ್ಳೆಯ ರಿಸ್ಕ್ ಪಟ್ಟಿ ಆಗುತ್ತಿತ್ತು. ಕನ್ಸಲ್ಟೆಂಟ್ ಅವರನ್ನು ಕೇಳೇ ಇಲ್ಲ.

ಇದೇ ಕಸುಬಿನಲ್ಲಿ ಇರುವವರು ಹೇಗೆ ನಡೆಸುತ್ತಿದ್ದೀರಿ? ಕಂಪನಿ ನಡೆಸುವವರು, ಖರೀದಿ ವಿಭಾಗದವರು ಇದ್ದರೆ ನಿಮ್ಮ ಕಡೆಯ ಮಾತೂ ಬೇಕು.

ಹುಬ್ಬಳ್ಳಿ_ಆಡಿಟರ್

ಮೇಡಂ, ನೀವು ಹೇಳಿದ್ದು ಅಕ್ಷರಶಃ ನಿಜ. ನಾನು 1990ರ ದಶಕದ ಕೊನೆಯಿಂದ ಈ ಕೆಲಸದಲ್ಲಿ ಇದ್ದೇನೆ. ಇಳಿತ ಹೇಗೆ ಆಯ್ತು ಅಂತ ನನಗೆ ಕಂಡಷ್ಟು ಹೇಳುತ್ತೇನೆ.

1994ರ ಆವೃತ್ತಿಯಲ್ಲಿ 20 ಅಂಶಗಳಿದ್ದವು. ಪ್ರತಿಯೊಂದಕ್ಕೂ ಪ್ರೊಸೀಜರ್. ಕಾಗದ ಜಾಸ್ತಿಯಾಯ್ತು ಅಂತ 2000ದಲ್ಲಿ ಕಡ್ಡಾಯ ಪ್ರೊಸೀಜರ್‌ಗಳನ್ನು ಆರಕ್ಕೆ ಇಳಿಸಿದರು. 2015ರಲ್ಲಿ ಕ್ವಾಲಿಟಿ ಮ್ಯಾನ್ಯುಯಲ್ ಕೂಡ ಕಡ್ಡಾಯವಲ್ಲ, ಮ್ಯಾನೇಜ್‌ಮೆಂಟ್ ರೆಪ್ರೆಸೆಂಟೇಟಿವ್ ಹುದ್ದೆಯೂ ಕಡ್ಡಾಯವಲ್ಲ ಅಂತಾಯ್ತು. ಉದ್ದೇಶ ಒಳ್ಳೆಯದೇ. ಕಾಗದ ಬಿಡಿ, ಕೆಲಸ ನೋಡಿ ಅಂತ. ಆದರೆ ಕಾಗದ ಕಮ್ಮಿ ಆದಾಗ ಆಡಿಟರ್‌ಗೆ ಶಾಪ್ ಫ್ಲೋರ್ ಮೇಲೆ ನಿಲ್ಲುವ ಹೊತ್ತು ಜಾಸ್ತಿ ಬೇಕಿತ್ತು. ಆಗಿದ್ದು ಉಲ್ಟಾ. ಮಾನದಂಡ ಕುಸಿದದ್ದು ಅಲ್ಲೇ ಅಂತ ನನ್ನ ಖಚಿತ ಅಭಿಪ್ರಾಯ.

ಆಡಿಟ್‌ಗೆ ಎಷ್ಟು ದಿನ ಅನ್ನುವುದಕ್ಕೆ ಐಎಎಫ್ (ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ಮಂಡಳಿಗಳ ಅಂತಾರಾಷ್ಟ್ರೀಯ ಒಕ್ಕೂಟ) ಹೊರಡಿಸಿದ ಎಂಡಿ 5 ಅಂತ ಒಂದು ದಾಖಲೆ ಇದೆ. ನಿಮ್ಮ ಕರೂರಿನ ಯೂನಿಟ್‌ನ್ನೇ ತಗೊಳ್ಳಿ. 26ರಿಂದ 45 ಜನರಿಗೆ ಮೊದಲ ಆಡಿಟ್‌ನ ಎರಡು ಹಂತ, ಸ್ಟೇಜ್ ಒನ್, ಸ್ಟೇಜ್ ಟೂ ಸೇರಿ 4 ದಿನ. ಕಾರಣ ಬರೆದಿಟ್ಟು ಕಡಿಮೆ ಮಾಡಬಹುದು, ಆದರೆ ಶೇ 30ಕ್ಕಿಂತ ಜಾಸ್ತಿ ಅಲ್ಲ. ಅಂದರೆ ಹತ್ತಿರ ಹತ್ತಿರ 3 ದಿನ ಆಗಲೇಬೇಕು. ಆಮೇಲೆ ವರ್ಷಕ್ಕೊಮ್ಮೆ ಸರ್ವೈಲನ್ಸ್ (ಮರುತಪಾಸಣೆ), ಮೊದಲ ಆಡಿಟ್‌ನ ಮೂರನೇ ಒಂದು ಭಾಗದಷ್ಟು ಹೊತ್ತು. ಮೂರು ವರ್ಷಕ್ಕೆ ಮರುಸರ್ಟಿಫಿಕೇಷನ್.

ಈಗ ನಡೆಯುವುದು ಏನು? ಬೆಳಗಿನ ರೈಲಿಗೆ ಒಬ್ಬರು ಬರುತ್ತಾರೆ. ಹತ್ತೂವರೆಗೆ ಓಪನಿಂಗ್ ಮೀಟಿಂಗ್. ಊಟದ ತನಕ ಫೈಲ್. ಊಟ ಆದ ಮೇಲೆ ಶೆಡ್‌ನಲ್ಲಿ ಒಂದು ಸುತ್ತು. ಮೂರೂವರೆಗೆ ಕ್ಲೋಸಿಂಗ್. ರಿಪೋರ್ಟ್‌ನಲ್ಲಿ ಮಾತ್ರ ಪೂರ್ತಿ ದಿನಗಳ ಲೆಕ್ಕ. ಎರಡು ಸಣ್ಣ ಅಬ್ಸರ್ವೇಷನ್, ಎನ್‌ಸಿ (ಸ್ಟ್ಯಾಂಡರ್ಡ್‌ಗೆ ಹೊಂದದ ದೋಷ) ಸೊನ್ನೆ. ಇದು ಅಕ್ರೆಡಿಟೇಷನ್ (ಮಾನ್ಯತೆ) ಇರುವ ಕಡೆಯೂ ನಡೆಯುತ್ತದೆ ಅನ್ನುವುದೇ ನನಗೆ ನೋವು. ₹4,000ದವನು ಆಡಿಟರ್ ಹೆಸರೇ ಇಟ್ಟುಕೊಂಡಿಲ್ಲ, ಅವನ ಮಾತು ಬಿಡಿ.

ಇನ್ನೊಂದು ಕಾರಣ ಸಬ್ಸಿಡಿ. ಕೇಂದ್ರ ಸರ್ಕಾರ ಸಣ್ಣ ಕೈಗಾರಿಕೆಗಳಿಗೆ ಐಎಸ್‌ಒ ಖರ್ಚಿನ ಶೇ 75ರಷ್ಟನ್ನು, ₹75,000 ಮಿತಿಯಲ್ಲಿ, ವಾಪಸ್ ಕೊಡುತ್ತಿತ್ತು. ಬಹಳ ಜನಕ್ಕೆ ನಿಜವಾಗಿ ಅನುಕೂಲ ಆಯ್ತು. ಆದರೆ ಸರ್ಟಿಫಿಕೇಟ್ ಸಿಕ್ಕಿದ ದಿನಕ್ಕೆ ಕೆಲಸ ಮುಗಿಯಿತು ಅನ್ನುವ ಅಭ್ಯಾಸ ಆಗಲೇ ಬೇರು ಬಿಟ್ಟಿತು.

ಮೆಕ್ಕೆಜೋಳ_ಮಿಲ್

ನಾನು ಮಾಲೀಕರ ಕಡೆಯವನು. ದಾವಣಗೆರೆ ಹೊರಗೆ ಮೆಕ್ಕೆಜೋಳದ ಸಣ್ಣ ಮಿಲ್ ಇದೆ. ನೇರವಾಗಿ ಹೇಳ್ತೀನಿ, ತಪ್ಪು ತಿಳಿಯಬೇಡಿ.

ನನ್ನ ಹತ್ತಿರ ಐಎಸ್‌ಒ ಇದೆ. ಅಗ್ಗದ್ದಲ್ಲ, ಪೂರ್ತಿ ದುಡ್ಡು ಕೊಟ್ಟು ಮಾಡಿಸಿದ್ದು. ಎರಡು ವರ್ಷ ಆದ ಮೇಲೆ ಮಗಳು ಆ ಮ್ಯಾನ್ಯುಯಲ್ ತೆಗೆದು ಓದಿದಳು. 14ನೇ ಪುಟದಲ್ಲಿ ಪೇಂಟ್ ಮಿಕ್ಸಿಂಗ್ ಟ್ಯಾಂಕ್ ತೊಳೆಯುವುದು ಹೇಗೆ ಅಂತ ಇತ್ತು. ಕೆಳಗಡೆ ಬೇರೆ ಊರಿನ ಯಾವುದೋ ಪೇಂಟ್ ಕಂಪನಿಯ ಹೆಸರು. ಅದನ್ನು ಆಡಿಟರ್ ನೋಡಿದ್ದರು, ಸಹಿಯೂ ಹಾಕಿದ್ದರು. ಆವತ್ತೇ ನನಗೆ ಇದರ ಮೇಲಿನ ನಂಬಿಕೆ ಹೋಯ್ತು.

ನನ್ನ ವ್ಯಾಪಾರದಲ್ಲಿ ಕ್ವಾಲಿಟಿ ಅಂದರೆ ಗೇಟ್. ಸ್ಟಾರ್ಚ್ ಫ್ಯಾಕ್ಟರಿ ಗೇಟಿನಲ್ಲಿ ಮಾಯಿಶ್ಚರ್ ಮೀಟರ್ ಹಾಕ್ತಾರೆ. ತೇವಾಂಶ ಶೇ 14 ದಾಟಿದರೆ ಒಂದೋ ರೇಟ್ ಕಡಿತ, ಇಲ್ಲ ಲೋಡ್ ವಾಪಸ್. ಬೂಷ್ಟು ಹಿಡಿದಿದ್ದರೆ ಅಫ್ಲಟಾಕ್ಸಿನ್ (ಬೂಷ್ಟಿನಿಂದ ಬರುವ ವಿಷ) ಟೆಸ್ಟ್. ಎಫ್‌ಎಸ್‌ಎಸ್‌ಎಐ ಪ್ರಕಾರ ಧಾನ್ಯಗಳಿಗೆ ಮಿತಿ ಕೆಜಿಗೆ 15 ಮೈಕ್ರೋಗ್ರಾಂ. ಅಕ್ಟೋಬರ್–ನವೆಂಬರ್‌ನಲ್ಲಿ ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಎಪಿಎಂಸಿಗೆ ಬರುವ ಮಾಲೆಲ್ಲ ಹಸಿ ಇರುತ್ತೆ. ಆಗ ನಂಗೆ ನಿದ್ದೆ ಬರಲ್ಲ. ಆ ಹೊತ್ತಿನಲ್ಲಿ ಒಬ್ಬ ಕನ್ಸಲ್ಟೆಂಟೂ ನನ್ನ ಅಂಗಳದಲ್ಲಿ ನಿಂತು, ಈ ರಾಶಿ ಮೊದಲು ಒಣಗಿಸಿ, ಆ ರಾಶಿ ಬೇರೆ ಇಡಿ, ನಿಮ್ಮ ಮೀಟರ್ ಅವರ ಮೀಟರ್ ಜೊತೆ ತಾಳೆ ನೋಡಿ ಅಂದಿಲ್ಲ.

ನನ್ನ ಲೋಡ್ ವಾಪಸ್ ಬರದ ಹಾಗೆ ಮಾಡುವವರಿಗೆ ₹60,000 ಕೊಡೋಕೆ ನಾನು ರೆಡಿ. ಟೆಂಡರ್ ಕಾಪಿಗೆ ಕೊಡಲ್ಲ.

ಗೇಜ್‌ರೂಮ್_ಹರಿಹರ

ಮಿಲ್‌ನವರೇ, ನಿಮ್ಮ ಮಾತು ನನಗೆ ನೋವು ಮಾಡಲಿಲ್ಲ, ಧೈರ್ಯ ಕೊಟ್ಟಿತು. ನೀವು ಕೇಳುತ್ತಿರುವುದೇ ನಿಜವಾದ ಕೆಲಸ. ಮೀಟರ್ ತಾಳೆ ನೋಡುವುದು ಅಂದಿರಲ್ಲ, ಅದು ಸ್ಟ್ಯಾಂಡರ್ಡ್‌ನ 7.1.5. ರಾಶಿ ಬೇರೆ ಇಡುವುದು 8.7. ನಿಮಗೆ ಆ ನಂಬರ್ ಗೊತ್ತಿರಬೇಕಾಗಿಲ್ಲ. ನನಗೆ ಗೊತ್ತಿದ್ದರೆ ಸಾಕು.

ನಮ್ಮ ಕಸುಬಿನಲ್ಲಿ ಇಂಥ ಕೆಲಸ ಹೇಗಿರುತ್ತದೆ ಅಂತ ಒಂದು ಉದಾಹರಣೆ ಹೇಳಬೇಕು ಅನಿಸುತ್ತಿದೆ. ಹರಿಹರದಲ್ಲಿ ಒಂದು ಮಷಿನ್ ಶಾಪ್. ನಮ್ಮೂರಲ್ಲಿ ಇಂಥವು ಯಾಕೆ ಇಷ್ಟಿವೆ ಅಂತ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಮೈಸೂರು ಕಿರ್ಲೋಸ್ಕರ್ ಇಲ್ಲಿ ಲೇಥ್ ಮಾಡುತ್ತಿದ್ದ ಕಾಲದಲ್ಲಿ ಕೈ ಪಳಗಿಸಿಕೊಂಡವರು ಬಹಳ ಜನ. ಆ ಫ್ಯಾಕ್ಟರಿ ಮುಚ್ಚಿದ ಮೇಲೂ ಕೈಕಸುಬು ಊರಲ್ಲೇ ಉಳಿಯಿತು. ಈ ಶಾಪ್‌ನವರು ಎರಕದ ಹೌಸಿಂಗ್‌ನಲ್ಲಿ (ಬೇರಿಂಗ್ ಕೂರುವ ಕವಚ) 100 ಮಿಲಿಮೀಟರ್ ಬೋರ್ (ರಂಧ್ರ) ಮಾಡಿ ಬೇರೆ ಊರಿಗೆ ಕಳಿಸುತ್ತಾರೆ. ಟಾಲರೆನ್ಸ್ ಎಚ್7, ಅಂದರೆ 100ರ ಮೇಲೆ 35 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲಿ ಒಂದು ಭಾಗಕ್ಕೆ ಒಂದು ಮೈಕ್ರಾನ್) ಒಳಗೆ ಇರಬೇಕು. ಇಲ್ಲಿ ಅಳೆದಾಗ ಎಲ್ಲ ಸರಿ. ಗ್ರಾಹಕರ ಹತ್ತಿರ ಹೋದ ಮೇಲೆ ಬೋರ್ ಚಿಕ್ಕದು, ಬೇರಿಂಗ್ ಕೂರುತ್ತಿಲ್ಲ. ಬೇಸಿಗೆ ಬಂದರೆ ಸಾಕು, ಈ ರಿಜೆಕ್ಷನ್ ಶುರು.

ಅವರ ಕರೆಕ್ಟಿವ್ ಆಕ್ಷನ್ ರಿಜಿಸ್ಟರ್ ನೋಡಿದೆ. ಪ್ರತಿ ಸಲವೂ ‘ಆಪರೇಟರ್‌ಗೆ ತರಬೇತಿ ನೀಡಲಾಯಿತು’. ಪ್ರತಿ ಸಲವೂ ಹಿಂದಿನ ಆಡಿಟರ್ ಅದನ್ನು ಒಪ್ಪಿಕೊಂಡಿದ್ದಾರೆ. ಬೋರ್ ಗೇಜ್‌ಗೆ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಇತ್ತು, ಅವಧಿಯೂ ಮುಗಿದಿರಲಿಲ್ಲ. ಆಡಿಟರ್‌ಗೆ ಅಷ್ಟು ಸಾಕಾಗಿತ್ತು.

ನಾನು ಮಧ್ಯಾಹ್ನದ ಶಿಫ್ಟ್‌ನಲ್ಲಿ ಮಷಿನ್ ಪಕ್ಕ ನಿಂತೆ. ತಗಡಿನ ಶೆಡ್, ಏಪ್ರಿಲ್ ತಿಂಗಳು. ಕಟಿಂಗ್ ಮುಗಿದ ತಕ್ಷಣ ಹುಡುಗ ಬಿಸಿ ಹೌಸಿಂಗ್‌ಗೆ ಗೇಜ್ ಹಾಕುತ್ತಿದ್ದ. ಗೇಜ್ ಸೆಟ್ ಮಾಡುವ ರಿಂಗ್ ಇರುತ್ತಿದ್ದದ್ದು ಎಸಿ ರೂಮಿನಲ್ಲಿ. ಎರಡಕ್ಕೂ 20 ಡಿಗ್ರಿ ವ್ಯತ್ಯಾಸ ಇತ್ತು. ಎರಕದ ಕಬ್ಬಿಣ ಒಂದು ಮೀಟರ್‌ಗೆ, ಒಂದು ಡಿಗ್ರಿಗೆ ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. 100 ಮಿಲಿಮೀಟರ್‌ಗೆ 20 ಡಿಗ್ರಿ ಅಂದರೆ 22 ಮೈಕ್ರಾನ್. 35ರಲ್ಲಿ 22 ಬರೀ ಬಿಸಿಯಲ್ಲೇ ಹೋಯಿತು. ಗೇಜ್‌ಗೆ ದೊಡ್ಡದಾಗಿ ಕಂಡ ಬೋರ್ ತಣ್ಣಗಾದ ಮೇಲೆ ಚಿಕ್ಕದಾಗುತ್ತಿತ್ತು. ಹುಡುಗನ ತಪ್ಪು ಒಂದಿಷ್ಟೂ ಇಲ್ಲ. ತರಬೇತಿ ಕೊಟ್ಟು ಕೊಟ್ಟು ಅವನ ತಲೆ ತಿಂದಿದ್ದರು.

ಪರಿಹಾರಕ್ಕೆ ದುಡ್ಡೇ ಬೇಕಾಗಲಿಲ್ಲ. ರಿಂಗ್‌ನ್ನು ಮಷಿನ್ ಪಕ್ಕದ ಟೇಬಲ್‌ಗೆ ತಂದೆವು. ಹೌಸಿಂಗ್ ಅದೇ ಟೇಬಲ್ ಮೇಲೆ ತಣ್ಣಗಾದ ಮೇಲೆ, ಎರಡೂ ಒಂದೇ ಬಿಸಿಗೆ ಬಂದ ಮೇಲೆ ಮಾತ್ರ ಅಳತೆ. ಆ ರಿಜೆಕ್ಷನ್ ನಿಂತಿತು. ಮಾಲೀಕರು ನನ್ನ ಫೀ ಬಗ್ಗೆ ಮತ್ತೆ ಚೌಕಾಸಿ ಮಾಡಲಿಲ್ಲ.

ಇದನ್ನು ಒಂದೇ ದಿನದ ಆಡಿಟ್‌ನಲ್ಲಿ, ಫೈಲ್ ಮುಂದೆ ಕೂತು ಯಾರೂ ಹಿಡಿಯಲಾರರು. ಹುಬ್ಬಳ್ಳಿ ಸರ್ ಹೇಳಿದ ದಿನದ ಲೆಕ್ಕ ಎಷ್ಟು ಮುಖ್ಯ ಅನ್ನುವುದಕ್ಕೆ ಇದನ್ನು ಬರೆದೆ.

ಯುಬಿಡಿಟಿ_ಮೆಕ್

ಅಕ್ಕ, ನಾನು ದಾವಣಗೆರೆಯ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಮುಗಿಸಿ ಐದು ದಿನದ ಲೀಡ್ ಆಡಿಟರ್ ಕೋರ್ಸ್ ಮಾಡಿದೆ. ಪರೀಕ್ಷೆ ಪಾಸಾಯ್ತು. ಮೊದಲ ಫೋನ್ ಬಂದಿದ್ದು ಬೇರೆ ರಾಜ್ಯದ ಒಂದು ಏಜೆನ್ಸಿಯಿಂದ. ‘ಹೋಗೋದು ಬೇಡ, ರಿಪೋರ್ಟ್ ನಾವೇ ರೆಡಿ ಮಾಡ್ತೀವಿ, ನಿಮ್ಮ ಸಹಿ ಸಾಕು, ಒಂದಕ್ಕೆ ₹500’ ಅಂದರು. ನಾನು ಒಪ್ಪಲಿಲ್ಲ. ಮನೆಯಲ್ಲಿ ಸುಮ್ನೆ ಕೂತಿದ್ದೀಯ, ಬಂದ ಕೆಲಸ ಬಿಟ್ಟೆ ಅಂತ ಅಪ್ಪ ಬೈದರು. ಏನು ಕೆಲಸ ಅಂತ ವಿವರಿಸಿ ಹೇಳಿದ ಮೇಲೆ ಸುಮ್ಮನಾದರು.

ಈಗ ಫ್ರೆಂಡ್ಸ್ ಎಲ್ಲ ಎಐ ಹತ್ತಿರ ಮ್ಯಾನ್ಯುಯಲ್ ಬರೆಸಬಹುದು, ಕನ್ಸಲ್ಟೆಂಟ್ ಯಾಕೆ ಬೇಕು ಅಂತಾರೆ. ಈ ಲೈನ್‌ಗೆ ಬರಬೇಕಾ, ಬೇಡವಾ? ಝಡ್‌ಇಡಿ (ಸಣ್ಣ ಕೈಗಾರಿಕೆಗಳಿಗೆ ಕೇಂದ್ರ ಸರ್ಕಾರದ ಗುಣಮಟ್ಟ ಪ್ರಮಾಣಪತ್ರ) ಸ್ಕೀಮ್‌ನಲ್ಲಿ ಏನಾದರೂ ಕೆಲಸ ಸಿಗುತ್ತಾ?

ಹುಬ್ಬಳ್ಳಿ_ಆಡಿಟರ್

ಸಹಿ ಹಾಕದೆ ಇದ್ದದ್ದು ಬಹಳ ಒಳ್ಳೆಯದಾಯ್ತು ಮಗಳೇ. ಒಂದು ಸಲ ಆ ಪಟ್ಟಿಯಲ್ಲಿ ಹೆಸರು ಸೇರಿದರೆ ಸರಿಯಾದ ಬಾಡಿಗಳು ಹತ್ತಿರ ಸೇರಿಸುವುದಿಲ್ಲ.

ಝಡ್‌ಇಡಿಯಲ್ಲಿ ಬ್ರಾಂಜ್‌ಗೆ ₹10,000, ಸಿಲ್ವರ್‌ಗೆ ₹40,000, ಗೋಲ್ಡ್‌ಗೆ ₹90,000 ಅಂತ ಫೀ ಇಟ್ಟು, ಮೈಕ್ರೋ ಯೂನಿಟ್‌ಗೆ ಶೇ 80 ಸಬ್ಸಿಡಿ ಕೊಟ್ಟರು. ಸಣ್ಣವರಿಗೆ ಶೇ 60, ಮಧ್ಯಮದವರಿಗೆ ಶೇ 50. ಪರಿಚಯ ಬೆಳೆಯಲು ಒಳ್ಳೆಯದು, ಅದನ್ನೇ ನಂಬಿ ಜೀವನ ಕಷ್ಟ. ಆಟೋಮೊಬೈಲ್ ಕಡೆ ಐಎಟಿಎಫ್ 16949 ಅನ್ನುವ ಗುಣಮಟ್ಟದ ಸ್ಟ್ಯಾಂಡರ್ಡ್ ಕಲಿತುಕೋ. ಅಲ್ಲಿ ಗ್ರಾಹಕ ಕಂಪನಿಯವರೇ ರಿಪೋರ್ಟ್ ಓದುತ್ತಾರೆ. ಓದುವವರು ಇರುವ ಕಡೆ ಆಡಿಟರ್‌ಗೆ ಮರ್ಯಾದೆ ಉಳಿದಿದೆ.

ಮ್ಯಾನ್ಯುಯಲ್ ಯಾರು ಬೇಕಾದರೂ ಬರೆಯಲಿ. ಬಿಸಿ ಬೋರ್ ಹತ್ತಿರ ನಿಲ್ಲಲು ಮನುಷ್ಯರೇ ಬೇಕು.

ಖರೀದಿ_ಚಿತ್ರದುರ್ಗ

ಟೆಂಡರ್ ಬರೆಯುವ ಕಡೆಯವನು ನಾನು. ಯಾವ ಕಚೇರಿ ಅಂತ ಹೇಳುವುದಿಲ್ಲ.

‘ಐಎಸ್‌ಒ 9001 ಪ್ರಮಾಣಪತ್ರದ ಪ್ರತಿ ಲಗತ್ತಿಸಬೇಕು’ ಅನ್ನುವ ಸಾಲು ಹಳೆಯ ಟೆಂಡರ್‌ನಿಂದ ಹೊಸ ಟೆಂಡರ್‌ಗೆ ಹಾಗೇ ಬರುತ್ತದೆ. ಯಾಕೆ ಬೇಕು ಅಂತ ಯಾರೂ ಕೇಳಿರುವುದಿಲ್ಲ. ಟೆಕ್ನಿಕಲ್ ಬಿಡ್ ತೆರೆದಾಗ ನಮ್ಮ ಕೆಲಸ, ಲಗತ್ತಿಸಿದೆಯೇ ಅಂತ ಟಿಕ್ ಹಾಕುವುದು. ಅದನ್ನು ಯಾರು ಕೊಟ್ಟಿದ್ದಾರೆ ಅಂತ ನೋಡುವ ತರಬೇತಿ ನಮಗೆ ಇಲ್ಲ. ಐಎಸ್‌ಒ ಸಂಸ್ಥೆ ತಾನೇ ಸರ್ಟಿಫಿಕೇಟ್ ಕೊಡುವುದಿಲ್ಲ, ಅದರ ಲೋಗೋ ಬಳಸಲು ಬಿಡುವುದೂ ಇಲ್ಲ ಅಂತ ನನಗೆ ತಿಳಿದದ್ದೇ ತಡವಾಗಿ. ನಮ್ಮ ಫೈಲ್‌ಗಳಲ್ಲಿ ದೊಡ್ಡದಾಗಿ ಐಎಸ್‌ಒ ಲೋಗೋ ಹಾಕಿದ ಹಾಳೆಗಳು ಎಷ್ಟೋ ಇವೆ. ಒಂದು ಹಾಳೆಯಲ್ಲಿ ಸ್ಕೋಪ್ (ಪ್ರಮಾಣಪತ್ರ ಯಾವ ಕೆಲಸಕ್ಕೆ ಅನ್ನುವುದು) ‘ಎಲ್ಲ ಬಗೆಯ ಸೇವೆಗಳು’ ಅಂತಿತ್ತು. ಅವರು ನಮಗೆ ಪೂರೈಸುತ್ತಿದ್ದದ್ದು ನೀರಿನ ಪೈಪ್.

ಮೇಡಂ, ಪರಿಶೀಲಿಸುವುದು ಸುಲಭವಾಗಿದ್ದರೆ ನಾವೂ ಮಾಡುತ್ತೇವೆ. ಟೆಂಡರ್‌ನಲ್ಲಿ ಏನು ಬರೆದರೆ ಸರಿ, ಅದನ್ನು ಕ್ಲರ್ಕ್ ಐದು ನಿಮಿಷದಲ್ಲಿ ನೋಡುವುದು ಹೇಗೆ, ದಯವಿಟ್ಟು ಬರೆದು ಕೊಡಿ.

ಗೇಜ್‌ರೂಮ್_ಹರಿಹರ

ಚಿತ್ರದುರ್ಗದ ಸರ್, ಬೆಲೆ ಬಿದ್ದಿರುವುದು ನೀವು ಹೇಳಿದ ಆ ಒಂದು ಸಾಲಿನಿಂದಲೇ. ₹4,000ದವನ ಅಂಗಡಿ ನಡೆಯುತ್ತಿರುವುದು ಅದರ ಮೇಲೆ. ಹಾಗಾಗಿ ನಿಮಗೆ ಬೇಕಾದ ಮಾತು ಇಲ್ಲೇ ಬರೆಯುತ್ತೇನೆ, ಬೇಕಾದವರೆಲ್ಲ ಬಳಸಲಿ.

‘ಬಿಡ್ಡುದಾರರ ಐಎಸ್‌ಒ 9001:2015 ಪ್ರಮಾಣಪತ್ರವು ಎನ್‌ಎಬಿಸಿಬಿ (ಭಾರತದ ಅಕ್ರೆಡಿಟೇಷನ್ ಮಂಡಳಿ) ಅಥವಾ ಅಂತಾರಾಷ್ಟ್ರೀಯ ಪರಸ್ಪರ ಮಾನ್ಯತೆ ಒಪ್ಪಂದದಲ್ಲಿರುವ ಬೇರೆ ಅಕ್ರೆಡಿಟೇಷನ್ ಮಂಡಳಿಯ ಮಾನ್ಯತೆ ಪಡೆದ ಸಂಸ್ಥೆಯಿಂದ ನೀಡಿದ್ದಾಗಿರಬೇಕು. ಪ್ರಮಾಣಪತ್ರದ ಸ್ಕೋಪ್‌ನಲ್ಲಿ ಈ ಟೆಂಡರ್‌ನ ವಸ್ತುವಿನ ತಯಾರಿಕೆ ಸ್ಪಷ್ಟವಾಗಿ ಇರಬೇಕು. ಕೊನೆಯ ಆಡಿಟ್ ವರದಿಯನ್ನೂ ಅದರಲ್ಲಿ ಎತ್ತಿದ ಎನ್‌ಸಿಗಳನ್ನು ಸರಿಪಡಿಸಿದ ದಾಖಲೆಯನ್ನೂ ಲಗತ್ತಿಸಬೇಕು.’

ಕ್ಲರ್ಕ್ ಮಾಡಬೇಕಾದದ್ದು: ಐಎಎಫ್ ಸರ್ಟ್‌ಸರ್ಚ್ ವೆಬ್‌ಸೈಟ್‌ನಲ್ಲಿ ಕಂಪನಿಯ ಹೆಸರು ಹಾಕಿ ನೋಡುವುದು. ಅಲ್ಲಿ ಸಿಗದಿದ್ದರೆ ಪ್ರಮಾಣಪತ್ರ ಕೊಟ್ಟ ಸಂಸ್ಥೆಯ ಹೆಸರು ಎನ್‌ಎಬಿಸಿಬಿ ಪಟ್ಟಿಯಲ್ಲಿ ಇದೆಯೇ ಅಂತ ನೋಡಿ, ಆ ಸಂಸ್ಥೆಗೆ ಒಂದು ಇಮೇಲ್ ಕಳಿಸುವುದು. ಆಡಿಟ್ ವರದಿಯಲ್ಲಿ ಎಷ್ಟು ದಿನದ ಆಡಿಟ್, ಎಷ್ಟು ಜನ ಕೆಲಸಗಾರರು ಅಂತ ಇರುತ್ತದೆ. ಸರ್ ಮೇಲೆ ಹೇಳಿದ ಲೆಕ್ಕದ ಜೊತೆ ಹೋಲಿಸಿದರೆ ಅಲ್ಲೇ ಗೊತ್ತಾಗುತ್ತದೆ. ಸಣ್ಣ ಖರೀದಿಗೆ ಇಷ್ಟೆಲ್ಲ ಬೇಡ ಅನಿಸಿದರೆ ಐಎಸ್‌ಒ ಷರತ್ತನ್ನೇ ತೆಗೆದು, ಮಾಲಿನ ಟೆಸ್ಟ್ ರಿಪೋರ್ಟ್ ಕೇಳಿ. ಅದೂ ಪ್ರಾಮಾಣಿಕ ದಾರಿಯೇ.

ಸ್ಟ್ಯಾಂಡರ್ಡ್‌ನ ಹೊಸ ಆವೃತ್ತಿ ಬರುವ ಹೊತ್ತು. 2015ರ ಆವೃತ್ತಿಗೆ ಬದಲಾಗಲು 2018ರ ಸೆಪ್ಟೆಂಬರ್ ಗಡುವು ಇದ್ದಾಗ ನಮ್ಮ ಕಡೆ ಫೈಲ್‌ನ ಮುಖಪುಟ ಮಾತ್ರ ಬದಲಾಯಿಸಿ ದುಡ್ಡು ತೆಗೆದುಕೊಂಡವರನ್ನು ನೋಡಿದ್ದೇನೆ. ಅದು ಮತ್ತೆ ಆಗುವ ಮೊದಲೇ ಈ ಟೆಂಡರ್ ಮಾತನ್ನು ದಾವಣಗೆರೆ ಮತ್ತು ಚಿತ್ರದುರ್ಗದ ಜಿಲ್ಲಾ ಕೈಗಾರಿಕಾ ಕೇಂದ್ರಗಳಿಗೆ ಅರ್ಜಿಯ ರೂಪದಲ್ಲಿ ಕೊಡುತ್ತೇನೆ. ಹುಬ್ಬಳ್ಳಿ ಸರ್, ನಿಮ್ಮ ಸಹಿಯೂ ಇರಲಿ.

ನನ್ನ ಕೊಟೇಶನ್‌ನ್ನೂ ಬದಲಾಯಿಸುತ್ತಿದ್ದೇನೆ. ಇನ್ನು ಮುಂದೆ ಸರ್ಟಿಫಿಕೇಟ್ ಕೊನೆಯಲ್ಲಿ, ಬೇಕೆಂದವರಿಗೆ ಮಾತ್ರ. ಮೊದಲು ಒಂದು ಸಮಸ್ಯೆ ಹಿಡಿದು, ಒಂದು ತಿಂಗಳು, ಅದಕ್ಕೆ ಬೇರೆ ಫೀ. ಮಿಲ್‌ನವರೇ, ನಿಮ್ಮ ಮಾಯಿಶ್ಚರ್ ಮೀಟರ್‌ನಿಂದ ಶುರು ಮಾಡೋಣ. ಹೊಸ ಮೆಕ್ಕೆಜೋಳ ಬರುವ ಮೊದಲು ಕರೆಯಿರಿ. ಒಂದೇ ಸ್ಯಾಂಪಲ್‌ನ್ನು ನಿಮ್ಮ ಮೀಟರ್, ಗೇಟಿನ ಮೀಟರ್ ಮತ್ತು ಲ್ಯಾಬ್‌ನ ಓವನ್, ಮೂರರಲ್ಲೂ ನೋಡಬೇಕು. ಗೇಟಿನವರ ಒಪ್ಪಿಗೆ ನೀವು ಪಡೆದಿಡಿ.

ಯುಬಿಡಿಟಿ ತಂಗಿ, ಆ ದಿನ ನೀನೂ ಬಾ. ಬಸ್ ಚಾರ್ಜು, ಊಟ ನನ್ನದು, ದಿನದ ಸಂಬಳವೂ ಕೊಡುತ್ತೇನೆ. ಒಂದು ನೋಟ್‌ಬುಕ್ ತಾ. ಫಾರ್ಮ್ಯಾಟ್ ಏನೂ ತರಬೇಡ.